ಕೊಸರು

ಮುತ್ತಜ್ಜಿ ಇಮಾಂಬಿಯದು ಒಂದೂ ಫೋಟೋ ಇಲ್ಲ.
ಹಿತ್ತಾಳೆಯ ಸೇರೊಂದಿದೆ,
ಅಂಚು ಒಂದೇ ಕಡೆ ಸವೆದದ್ದು:
ಅವಳು ಎಡಚಿ.

ಈಗ ಅದರಲ್ಲಿ ಮಗಳು ಫೋನಿಡುತ್ತಾಳೆ.
ಸ್ಪೀಕರು ಸಣ್ಣದು; ಸೇರಿನೊಳಗೆ ನಿಲ್ಲಿಸಿದರೆ
ಹಾಡು ಬಾವಿಯಿಂದ ಎದ್ದು ಬಂದಂತೆ ದುಂಡಗೆ ಕೇಳುತ್ತದೆ.
"ಅಬ್ಬಾ, ಇದಕ್ಕೆ ಚಾರ್ಜೇ ಬ್ಯಾಡ" ಎಂದು ನಗುತ್ತಾಳೆ.

ಅದು ಅಳೆದದ್ದು ಮಂಡಕ್ಕಿ.
ಆಗಿನ ದಾವಣಗೆರೆಯಲ್ಲಿ ಮಿಲ್ಲು ಮೂರು ಸಲ ಕೂಗುತ್ತಿತ್ತು,
ನಮ್ಮ ಕೇರಿಯ ಯಾರ ಮನೆಯಲ್ಲೂ ಗಡಿಯಾರವಿರಲಿಲ್ಲ.
ಎರಡನೇ ಕೂಗಿಗೆ ಪಾಳಿ ಬಿಟ್ಟು ಬರುವರು
ರೆಪ್ಪೆಯ ಮೇಲೆ ಹತ್ತಿ ಹೊತ್ತವರು,
ಮುದುಕರಂತೆ ಕಾಣುವ ಇಪ್ಪತ್ತರ ಹುಡುಗರು,
ಹೆಗಲ ವಸ್ತ್ರ ಚಾಚಿ ನಿಲ್ಲುವರು.
ಅವಳು ಸೇರು ಮುಳುಗಿಸಿ, ಎತ್ತಿ, ಗೋಪುರ ಕಟ್ಟಿ
ಸುರಿದು, ಮತ್ತೆ
ಎಡಗೈಯಲ್ಲೊಂದು ಹಿಡಿ: ಕೊಸರು.
ಕೇಳಬೇಕಿರಲಿಲ್ಲ.
ಮರೆತು ಹೊರಟವನನ್ನು ಕೂಗಿ ಕರೆದು ಹಾಕುತ್ತಿದ್ದಳಂತೆ.

ಇಲ್ಲಿಗೆ ನಿಲ್ಲಿಸಿದರೆ ಚೆಂದದ ಕತೆ.
ಆದರೆ ಆ ಸೇರನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದವನು ನಾನು.
ತಳ ಒಳಕ್ಕೆ ಉಬ್ಬಿದೆ.
ಬಿದ್ದು ನೆಗ್ಗಿದ್ದಲ್ಲ. ಸುತ್ತಿಗೆಯ ಗುರುತುಗಳು
ಒಂದರ ಪಕ್ಕ ಒಂದು, ಅವಸರವಿಲ್ಲದೆ
ಹೂವಿನೆಸಳಿನ ಹಾಗೆ ಸುತ್ತ ಕೂತಿವೆ.
ಮುತ್ತಜ್ಜನ ಕೈ. ಯಾವುದೋ ರಾತ್ರಿ, ಬುಡ್ಡಿದೀಪದಲ್ಲಿ,
ಪ್ರತಿ ಏಟಿಗೆ ಎಷ್ಟು ಕಾಳು ಉಳಿದೀತೆಂದು
ಲೆಕ್ಕ ಹಾಕಿದ್ದನೋ.
ಹಡೆದ ಒಂಬತ್ತರಲ್ಲಿ ಐದನ್ನು
ಮಣ್ಣಿಗೆ ಕೊಟ್ಟ ಮನೆ ಅದು.

ಇಮಾಂಬಿಗೆ ಗೊತ್ತಿತ್ತು.
ಗಂಡನಿಗೆ ಏನೂ ಅನ್ನಲಿಲ್ಲ.
ಸೊಸೆಗೆ, ಎಂದರೆ ನನ್ನಜ್ಜಿಗೆ, ಒಂದೇ ಸಲ ಅಂದಳಂತೆ:
"ತಳದಾಗ ತಗಂಡಿದ್ದು ಮ್ಯಾಲೆ ಕೊಡಬೇಕಲ್ಲವ್ವ."
ಹಾಗಾದರೆ ಆ ಹಿಡಿ ದಾನವೋ, ತೀರಿಸಿದ ಸಾಲವೋ,
ಗಂಡನ ಪರವಾಗಿ ಕೇಳಿದ ಕ್ಷಮೆಯೋ
ನನಗಿನ್ನೂ ಬಗೆಹರಿದಿಲ್ಲ.

ಆಮೇಲೆ ಕಿಲೋ ಬಂತು. ಇನ್‌ಸ್ಪೆಕ್ಟರು
ಸೇರು ಪಾವು ಚಟಾಕುಗಳನ್ನು ಚೀಲಕ್ಕೆ ತುಂಬಿಕೊಂಡು ಹೋಗುವಾಗ
ಇದೊಂದು ಜೋಳದ ಹಿಟ್ಟಿನ ಡಬ್ಬಿಯೊಳಗೆ
ಉಸಿರು ಹಿಡಿದು ಕೂತಿತ್ತು.
ಭಟ್ಟಿಗೆ ಹೊಟ್ಟಿನ ಬದಲು ಹಳೇ ಟೈರು ಬಿತ್ತು.
ಒಣಹಾಕಿದ ಬಿಳಿ ಅಂಗಿ ಸಂಜೆಗೆ ಬೂದಿ ಬಣ್ಣ.
ಅಬ್ಬಾನ ಕೆಮ್ಮು ನನ್ನೆದೆಯಲ್ಲೂ ಒಂದಿಷ್ಟು ಉಳಿದಿದೆ.
ಮತ್ತೆ ಒಂದು ದಿನ ಮಿಲ್ಲು ಕೂಗಲಿಲ್ಲ.
ಕೇರಿಗೆ ಕೇರಿಯೇ ತಡವಾಗಿ ಎದ್ದಿತು,
ಎದ್ದವರಿಗೆ ಹೋಗಲು ಜಾಗವಿರಲಿಲ್ಲ.
ಆ ವರ್ಷದ ಉದ್ರಿ ಪುಸ್ತಕ ಇನ್ನೂ ಇಟ್ಟಿದ್ದೇನೆ,
ವಸೂಲಿಗಲ್ಲ.

ಈಗ ನನ್ನದು ಎಲೆಕ್ಟ್ರಾನಿಕ್ ತಕ್ಕಡಿ.
ಗಾಳಿ ಬಂದು ಕೂತರೂ ಐದು ಗ್ರಾಂ ಅನ್ನುತ್ತದೆ.
ಭಟ್ಟಿಯ ಜಾಗದಲ್ಲಿ ಮಿಷನ್ನು, ಮನೆಯೊಳಗೆ ನಲ್ಲಿ,
ನನಗೆ ಹುಟ್ಟಿದ ಎರಡೂ ಬದುಕಿವೆ.
ಹಳೇ ಕಾಲವೇ ಚೆನ್ನಾಗಿತ್ತು ಎನ್ನುವವರಿಗೆ
ಮಂಡಕ್ಕಿ ಕೊಡುತ್ತೇನೆ,
ಹೂಂ ಅನ್ನುವುದಿಲ್ಲ.

ನಿನ್ನೆ ಸಂಜೆ ಮಿರ್ಚಿ ಗಾಡಿಯ ಸಣ್ಣೀರಪ್ಪ
ಅರ್ಧ ಕಿಲೋ ಅಂದ. ಕೆಂಪು ಅಂಕಿ
ಐನೂರಕ್ಕೆ ಬಂದು ನಿಂತಿತು.
ಅವನು ಫೋನು ಹಿಡಿದ; ಗೋಡೆಯ ಡಬ್ಬಿ
ದುಡ್ಡು ಬಂತೆಂದು ಬೀದಿಗೆಲ್ಲ ಸಾರಿತು.
ಆಮೇಲೆ, ಬಲಗೈಯವನಾದ ನನ್ನ ಎಡಗೈ
ರಾಶಿಗೆ ಹೋಗಿ ಬಂತು.
ಐನೂರ ಹತ್ತು.

"ಜಾಸ್ತಿ ಆತು ನೋಡ್ರಿ" ಅಂದ.
ಡಬ್ಬಿ ಏನೂ ಹೇಳಲಿಲ್ಲ.
ನಾನು ಚೀಲದ ಬಾಯಿ ಕಟ್ಟಿ ಕೊಟ್ಟೆ.